ಎಂಟು ಟ್ರ್ಯಾಕಿನ ಮಷೀನಿಗೆ ಟೇಪು ಆರಿಸಿದ್ದು

ಅವಳ ಫೋನು ಬಂದಾಗ ನಾನು ಕೊಟ್ಟೂರಿನ ನನ್ನ ಅಂಗಡಿಯಲ್ಲಿ ಕಲ್ಯಾಣ ಮಂಟಪವೊಂದರ ಆಂಪ್ಲಿಫೈಯರ್ ಬಿಚ್ಚಿ ಹರಡಿಕೊಂಡು ಕೂತಿದ್ದೆ.

"ಅಣ್ಣಾರ, ಮಷೀನಿಗೆ ಹೊಸಾ ಟೇಪ್ ಆರಿಸಬೇಕಾಗೈತಿ. ನೀವು ಬರಲಿಲ್ಲಂದ್ರ ಆಗಂಗಿಲ್ಲ. ಅಳತಿ ಟೇಪೂ ತಗೊಂಡು ಬರ್ರಿ."

ಯಾವ ಮಷೀನು ಎಂದು ನಾನು ಕೇಳಲಿಲ್ಲ. ನಮ್ಮಿಬ್ಬರ ನಡುವೆ ಇದ್ದದ್ದು ಒಂದೇ ಮಷೀನು. ಒಂದಿಂಚು ಅಗಲದ ಟೇಪಿನ ಮೇಲೆ ಎಂಟು ದನಿಗಳನ್ನು ಎಂಟು ಬೇರೆ ಹಾದಿಗಳಲ್ಲಿ ಹಿಡಿಯುವ ಹಳೆಯ ರೆಕಾರ್ಡರ್ ಅದು. ನಾಲ್ಕು ಜನ ಹಿಡಿದರೂ ಮೆಟ್ಟಿಲು ಹತ್ತಿಸುವುದು ಕಷ್ಟ. ಚೆನ್ನೈನಲ್ಲಿ ಮುಚ್ಚಿಹೋದ ಸ್ಟುಡಿಯೋ ಒಂದರಿಂದ ನಮ್ಮ ಮಾಸ್ತರರು ಅದನ್ನು ಹಗರಿಬೊಮ್ಮನಹಳ್ಳಿಗೆ ತಂದಿದ್ದರು. ನಾನು ಅವರ ಕೈಕೆಳಗೆ ಹನ್ನೊಂದು ವರ್ಷ ಕೆಲಸ ಮಾಡಿದವನು. ಅವಳು ಕೆಲಸ ಕಲಿಯಲು ಬಂದದ್ದು ಕೊನೆಯ ಮೂರು ವರ್ಷ. ಕಣ್ಣು ಮಂಜಾಗಿ ಕೆಲಸ ನಿಲ್ಲಿಸಿದ ದಿನ ಮಾಸ್ತರರು ಇಬ್ಬರನ್ನೂ ಕರೆಸಿದರು. ಮಷೀನು ಅವಳಿಗೆ ಎಂದರು. ನನ್ನ ಕೈಗೆ ಒಂದು ರಟ್ಟಿನ ಡಬ್ಬಿ ಇಟ್ಟರು.

ಡಬ್ಬಿಯಲ್ಲಿದ್ದದ್ದು ಅಳತೆಯ ಟೇಪು. ಕಾರ್ಖಾನೆಯಲ್ಲಿ ಇಂತಿಷ್ಟೇ ಬಲದಲ್ಲಿ ಕೆಲವು ಟೋನುಗಳನ್ನು, ಅಂದರೆ ಏರಿಳಿತವಿಲ್ಲದ ಒಂದೇ ಶ್ರುತಿಯ ದನಿಗಳನ್ನು, ತುಂಬಿ ಕಳಿಸಿದ ರೀಲು. ಅದನ್ನು ಓಡಿಸಿ ನೋಡಿದರೇ ಮಷೀನಿನ ಮೀಟರುಗಳ ಸೂಜಿಗಳು ನಿಜ ಹೇಳುತ್ತಿವೆಯೋ ಸುಳ್ಳು ಹೇಳುತ್ತಿವೆಯೋ ಗೊತ್ತಾಗುವುದು. ತಕ್ಕಡಿಯನ್ನು ಒಬ್ಬರಿಗೆ, ತೂಕದ ಕಲ್ಲನ್ನು ಇನ್ನೊಬ್ಬರಿಗೆ ಕೊಟ್ಟ ಹಾಗಾಯಿತು. ಯಾಕೆ ಹೀಗೆ ಎಂದು ಕೇಳುವ ಧೈರ್ಯ ಬರುವ ಮೊದಲೇ ಮಾಸ್ತರರು ತೀರಿಕೊಂಡರು. ನಾಲ್ಕು ವರ್ಷ ಆ ಡಬ್ಬಿಯನ್ನು ಬೀರುವಿನಲ್ಲಿ ಹೆಂಡತಿಯ ಸೀರೆಗಳ ಹಿಂದೆ ಇಟ್ಟಿದ್ದೆ. ಅದು ಬೇಕೆಂದು ಹರಪನಹಳ್ಳಿಯಿಂದ ಅವಳು ಎರಡು ಸಲ ಬೇರೆಯವರ ಮೂಲಕ ಹೇಳಿಕಳಿಸಿದಳು. ಎರಡೂ ಸಲ "ಎಲ್ಲೈತೋ ಹುಡುಕಬೇಕು" ಎಂದು ಸುಳ್ಳು ಹೇಳಿದೆ.

ಈ ಸಲ ನನ್ನ ಹೆಂಡತಿಯೇ ಡಬ್ಬಿ ತೆಗೆದುಕೊಟ್ಟಳು. "ಹೋಗಿಬರ್ರಿ. ನಾಲ್ಕು ವರ್ಷದಿಂದ ಕಾಯಾಕತ್ತೀರಿ, ಅದೇನು ಮರಿ ಹಾಕ್ತೈತೇನು?"

ಹೋದೆ. ಸಹಾಯ ಮಾಡಬೇಕು ಎಂದು ಹೋದದ್ದಲ್ಲ. ಅವಳು ಮಷೀನನ್ನು ಎಷ್ಟರಮಟ್ಟಿಗೆ ಹಾಳು ಮಾಡಿದ್ದಾಳೆ ಎಂದು ಕಣ್ಣಾರೆ ನೋಡಬೇಕಿತ್ತು. ಬಸ್ಸು ಹರಪನಹಳ್ಳಿ ಮುಟ್ಟುವವರೆಗೂ ತುಕ್ಕು ಹಿಡಿದ ತಿರುಪು, ಧೂಳು ಕೂತ ಹೆಡ್ಡು, ಇಲಿ ಕಡಿದ ವೈರು ಇವನ್ನೇ ಕಲ್ಪಿಸಿಕೊಳ್ಳುತ್ತಿದ್ದೆ.

ಅವಳ ಸ್ಟುಡಿಯೋ ಅವರ ಮನೆತನದ ಕಾಳಿನ ಅಂಗಡಿಯ ಮೇಲಿನ ಮಾಳಿಗೆ. ಗೋಡೆಗಳಿಗೆ ಹತ್ತಿ ತುಂಬಿದ ಗೋಣಿಚೀಲಗಳನ್ನು ಸಾಲಾಗಿ ಹೊಲಿದು ನಿಲ್ಲಿಸಿದ್ದಳು. ಒಳಗೆ ಹೋಗಿ ಮಾತಾಡಿದರೆ ನನ್ನ ದನಿ ಬಾಯಿಂದ ಹೊರಟು ಅಲ್ಲೇ ಕೂತಂತಾಯಿತು. ಅಷ್ಟು ಒಳ್ಳೆಯ ಕೋಣೆ. ಗಾಜಿನ ಅಡ್ಡಗೋಡೆಯ ಈಚೆ, ಮೂಲೆಯಲ್ಲಿ, ಬಿಳಿ ಪಂಚೆ ಹೊದ್ದು ಮಷೀನು ನಿಂತಿತ್ತು. ಅವಳು ಪಂಚೆ ತೆಗೆದಳು. ತುಕ್ಕಿಲ್ಲ, ಧೂಳಿಲ್ಲ. ಮಾಸ್ತರರ ಕಾಲದಲ್ಲಿ ಕಿತ್ತುಹೋಗಿದ್ದ ಎಡಗಡೆಯ ಗುಂಡಿಯನ್ನೂ ಹಾಕಿಸಿದ್ದಳು. ಮೇಲೆ ಗೋಡೆಯಲ್ಲಿ ಮಾಸ್ತರರ ಫೋಟೋ, ಅದಕ್ಕೆ ಅವತ್ತಿನದೇ ಹೂವು. ಹಾಳಾಗಿದ್ದರೆ ನನಗೆ ಸಮಾಧಾನ ಆಗುತ್ತಿತ್ತು ಎಂದು ಇವತ್ತು ಒಪ್ಪಿಕೊಳ್ಳುತ್ತೇನೆ.

"ಚಲೋ ಇಟ್ಟಿ," ಎಂದೆ. ಅಷ್ಟೇ ಬಾಯಿಗೆ ಬಂದದ್ದು.

ಕೆಲಸ ಏನು ಎಂದು ಅವಳು ವಿವರಿಸಿದಳು. ಗ್ರಾಮಫೋನ್ ತಟ್ಟೆಗಳಿಗೆ ಈಗ ಮತ್ತೆ ಗಿರಾಕಿಗಳಿದ್ದಾರೆ. ಬೆಂಗಳೂರಿನ ಒಬ್ಬ ತಟ್ಟೆ ಹುಚ್ಚಿನವರು ಕೂಡ್ಲಿಗಿ ಕಡೆಯ ಕುರಿಗಾರರ ದೇವರ ಹಾಡನ್ನು ತಟ್ಟೆ ಮಾಡಿಸುತ್ತಿದ್ದಾರೆ; ಕಂಪ್ಯೂಟರಿನಲ್ಲಿ ಹಿಡಿದದ್ದು ಬೇಡ, ಟೇಪಿನಲ್ಲೇ ಬೇಕು ಎಂದಿದ್ದಾರೆ. ಹಾಡುವಾಕೆ ಹೊಸಹಳ್ಳಿ ಹತ್ತಿರದ ಹಟ್ಟಿಯವರು, ಎಪ್ಪತ್ತು ದಾಟಿದವರು. ಆ ಹಾಡು ಪೂರ್ತಿ ಬರುವುದು ಅವರೊಬ್ಬರಿಗೇ.

"ದೀಪಾವಳಿ ಮುಗೀತು, ಶುಕ್ರವಾರ ಅವರ ಮಂದಿ ಕುರಿ ಹೊಡ್ಕೊಂಡು ಹೊಳಿ ಕಡೆ ಹೊಂಟಾರ್ರಿ. ಆಯಮ್ಮನೂ ಸಂಗಾಟ ಹೋಗ್ತಾಳ. ಗುರುವಾರದ ಒಳಗ ಆಗಬೇಕು," ಎಂದಳು. ಅವತ್ತು ಸೋಮವಾರ.

ಮೇಜಿನ ಮೇಲೆ ಮೂರು ಬಗೆಯ ಟೇಪು ಇಟ್ಟಿದ್ದಳು. ಒಂದು, ಮುಚ್ಚಿದ ಸ್ಟುಡಿಯೋ ಒಂದರ ಗೋದಾಮಿನಲ್ಲಿ ಸಿಕ್ಕ, ಪ್ಲಾಸ್ಟಿಕ್ ಕವಚವನ್ನೇ ಬಿಚ್ಚದ ಹಳೆಯ ರೀಲು. ಇನ್ನೆರಡು ಹೊರದೇಶದಲ್ಲಿ ಈಗಲೂ ತಯಾರಾಗುತ್ತಿರುವ ಹೊಸ ಟೇಪುಗಳು. ಅವುಗಳಲ್ಲಿ ಒಂದು ಸಾಧಾರಣ ಬಲದ್ದು, ಅದರ ಎರಡು ರೀಲಿದ್ದವು. ಇನ್ನೊಂದು ಹೆಚ್ಚು ಬಲದ್ದು, ಅದೂ ಎರಡು ರೀಲು. ಹೆಚ್ಚು ಬಲದ ಟೇಪಿನ ಮೇಲೆ ದನಿಯನ್ನು ಜೋರಾಗಿ ತುಂಬಬಹುದು. ಹಿಂದೆ ಕೇಳುವ 'ಸ್' ಎಂಬ ಟೇಪಿನ ಉಸಿರು ಕಡಿಮೆಯಾಗುತ್ತದೆ.

ಮೊದಲು ಟೇಪು ಉಜ್ಜಿಕೊಂಡು ಹೋಗುವ, ದನಿ ಬರೆಯುವ ಮತ್ತು ಓದುವ ಹೆಡ್ಡುಗಳನ್ನು ಸ್ಪಿರಿಟ್ಟಿನಿಂದ ಒರೆಸಿದೆವು. ಟೇಪು ಹಾಯುವ ದಾರಿಯಲ್ಲಿ ಉಳಿದಿದ್ದ ಅಯಸ್ಕಾಂತದ ಗುಣ ತೆಗೆದೆವು. ನನ್ನ ಅಳತೆಯ ಟೇಪನ್ನು ಹಾಕಿ ಎಂಟೂ ಸೂಜಿಗಳನ್ನು ಸರಿಮಾಡಿದೆ. ಟೋನು ಹಾಕುವಾಗ ಸ್ಪೀಕರನ್ನು ಮುಚ್ಚಿಯೇ ಇಡುವುದು ನನ್ನ ಹಳೆಯ ರೂಢಿ. ಆ ಕೀರಲು ದನಿ ತಲೆನೋವು, ಸೂಜಿ ನೋಡಿದರೆ ಸಾಕು ಎಂಬುದು ನನ್ನ ವಾದ. ಅವಳು ಪಕ್ಕದಲ್ಲಿ ನಿಂತು ಪ್ರತಿಯೊಂದು ತಿರುಪನ್ನೂ ಗಮನಿಸುತ್ತಿದ್ದಳು. ಅವಳಿಗೆ ತೋರಿಸಿ ಕೊಡುತ್ತಿದ್ದೇನೆ ಅನ್ನುವುದಕ್ಕಿಂತ, ಇದು ನಿನ್ನ ಹತ್ತಿರ ಇಲ್ಲ ನೋಡು ಎಂದು ಹೇಳುತ್ತಿದ್ದೇನೆ ಅನ್ನುವ ಖುಷಿಯೇ ನನಗೆ ಹೆಚ್ಚಿತ್ತು.

ಹಳೆಯ ರೀಲು ಮೊದಲ ಏಟಿಗೇ ಸೋತಿತು. ಕವಚ ಬಿಚ್ಚದಿದ್ದರೇನು, ಒಳಗಿನ ಅಂಟು ವರ್ಷಗಳ ಗಾಳಿಯ ತೇವ ಕುಡಿದಿತ್ತು. ನಾಲ್ಕು ನಿಮಿಷ ಓಡುವಷ್ಟರಲ್ಲಿ ಕೀಂ ಕೀಂ ಎಂದು ಅರಚತೊಡಗಿತು. ನಿಲ್ಲಿಸಿ ನೋಡಿದರೆ ಹೆಡ್ಡಿನ ಮೇಲೆ ಕಂದು ಬಣ್ಣದ ಜಿಗಟು. ಅಂಥ ಟೇಪನ್ನು ಹದವಾದ ಶಾಖದಲ್ಲಿ ಇಟ್ಟು ಒಂದೆರಡು ಸಲ ಓಡಿಸಬಹುದು, ಹಳೆಯ ದನಿ ಉಳಿಸಿಕೊಳ್ಳುವುದಕ್ಕೆ. ಹೊಸ ದನಿಯನ್ನು ಅದಕ್ಕೆ ಒಪ್ಪಿಸುವಂತಿಲ್ಲ. ಅದನ್ನು ಪಕ್ಕಕ್ಕೆ ಇಟ್ಟೆವು.

"ನನಗ ಸಾಧಾರಣ ಬಲದ್ದ ಸರಿ ಅನಸ್ತೈತ್ರಿ," ಎಂದಳು ಅವಳು.

"ಅದರಾಗ ಡೊಳ್ಳು ನಿಲ್ಲಂಗಿಲ್ಲ. ಒಡೀತೈತಿ. ಜೋರಿಂದ ಹಾಕು," ಎಂದೆ.

ತಾಂತ್ರಿಕವಾಗಿ ನನ್ನ ಮಾತಿಗೆ ಆಧಾರ ಇತ್ತು. ಆದರೆ ಅವಳು ಜೋರಿನದು ಬೇಕು ಅಂದಿದ್ದರೆ ನಾನು ಸಾಧಾರಣದ್ದೇ ಬೇಕು ಅನ್ನುತ್ತಿದ್ದೆ. ಅಷ್ಟು ಮಾತ್ರ ಖಾತ್ರಿ.

ಮಂಗಳವಾರ ಬೆಳಿಗ್ಗೆ ಹೆಚ್ಚು ಬಲದ ಟೇಪಿಗೆ ಮಷೀನನ್ನು ಹೊಂದಿಸಲು ಕೂತೆ. ಟೇಪಿನ ಮೇಲೆ ದನಿ ತಾನಾಗಿ ನೆಟ್ಟಗೆ ಕೂರುವುದಿಲ್ಲ. ಕಿವಿಗೆ ಸಿಗದಷ್ಟು ಮೇಲಿನ ಒಂದು ಕಂಪನವನ್ನು ಅದರ ಜೊತೆ ಬೆರೆಸಬೇಕು. ಅದಕ್ಕೆ ಬಯಾಸ್ ಎನ್ನುತ್ತಾರೆ. ಬಿತ್ತುವ ಹೊಲಕ್ಕೆ ಹದ ಹೇಗೋ ಹಾಗೆ, ಒಂದೊಂದು ಟೇಪಿಗೆ ಒಂದೊಂದು ಹದ. ಸೆಕೆಂಡಿಗೆ ಹತ್ತು ಸಾವಿರ ಕಂಪನದ ಟೋನನ್ನು ಟೇಪಿಗೆ ತುಂಬುತ್ತ ಬಯಾಸಿನ ತಿರುಪು ತಿರುಗಿಸಿದರೆ ಸೂಜಿ ಏರುತ್ತದೆ, ತುದಿ ಮುಟ್ಟುತ್ತದೆ, ಆಮೇಲೆ ಇಳಿಯತೊಡಗುತ್ತದೆ. ತುದಿ ದಾಟಿ ಸ್ವಲ್ಪ ಇಳಿದ ಮೇಲೆ ನಿಲ್ಲಿಸಬೇಕು. ಹಾಗೆ ಇಳಿಯದಿದ್ದರೆ ಮೇಲಿನ ಸ್ವರಗಳು ಒರಟಾಗುತ್ತವೆ.

ಎಂಟೂ ಟ್ರ್ಯಾಕಿನಲ್ಲಿ ತಿರುಪು ಕೊನೆ ಮುಟ್ಟಿತು. ಸೂಜಿ ತುದಿಯವರೆಗೆ ಬಂದು ನಿಂತಿತೇ ಹೊರತು ಇಳಿಯಲಿಲ್ಲ. ಈ ಮಷೀನು ಹುಟ್ಟಿದಾಗ ಇಷ್ಟು ಬಲದ ಟೇಪು ಲೋಕದಲ್ಲೇ ಇರಲಿಲ್ಲ. ಅದರ ಶಕ್ತಿ ಅಷ್ಟೇ. ಅಲ್ಲಿಗೆ ನಾನು ಕೈ ಎತ್ತಬೇಕಿತ್ತು.

"ಇಳೀಲಿಲ್ಲಲ್ರಿ ಅಣ್ಣಾರ?" ಎಂದಳು.

"ಇಷ್ಟು ಸಾಕು. ನಡೀತೈತಿ," ಎಂದೆ.

ಮಧ್ಯಾಹ್ನದ ಹೊತ್ತಿಗೆ ಹಾಡುವ ಅಮ್ಮ ಬಂದರು. ಜೊತೆಗೆ ಕಂಚಿನ ತಾಳ ಬಡಿಯುತ್ತ ಹಿಂದಿನಿಂದ ದನಿ ಕೂಡಿಸುವ ಇಬ್ಬರು ಹೆಂಗಸರು, ಡೊಳ್ಳಿಗೆ ಅಮ್ಮನ ಮೈದುನ. ಅಮ್ಮ ಹಣೆಯ ತುಂಬ ಭಂಡಾರ, ದೇವರ ಅರಿಶಿನದ ಪುಡಿ, ಹಚ್ಚಿಕೊಂಡಿದ್ದರು. ಮಷೀನಿನ ಎದುರು ನಿಂತು ಮೇಲಿನಿಂದ ಕೆಳಗೆ ನೋಡಿದರು.

"ಇದೇನವ್ವಾ, ಹಿಟ್ಟಿನ ಗಿರಣಿ ಇದ್ದಂಗೈತಿ. ನನ್ನ ಹಾಡು ಬೀಸಿ ಕೊಡ್ತೈತೇನು?"

ಅವಳು ನಕ್ಕು, ಅಮ್ಮನ ಕೈ ಹಿಡಿದು ಕೂರಿಸಿದಳು. ಆ ಸಲಿಗೆಯೂ ನನಗೆ ಚುಚ್ಚಿತು. ನನ್ನ ಹತ್ತಿರ ಹಾಡಲು ಬಂದವರು ಯಾರೂ ಹೀಗೆ ನಕ್ಕದ್ದಿಲ್ಲ. ನಾನು ಮೈಕು ಮುಟ್ಟಬೇಡಿ ಎಂದು ಮೊದಲೇ ಗದರುವವನು.

ಹಾಡಿನ ಮೊದಲ ನುಡಿಯನ್ನಷ್ಟೇ ಹೆಚ್ಚು ಬಲದ ಟೇಪಿನಲ್ಲಿ ಹಿಡಿದೆವು. ಅವರು ಚಹಾ ಕುಡಿದು ಮಂಡಕ್ಕಿ ತಿನ್ನುವಷ್ಟರಲ್ಲಿ ನಾನು ಮಷೀನನ್ನು ಸಾಧಾರಣ ಟೇಪಿಗೆ ಹೊಂದಿಸಿದೆ. ಅದಕ್ಕೆ ತಿರುಪು ಅರ್ಧ ತಿರುಗುವಷ್ಟರಲ್ಲೇ ಸೂಜಿ ತುದಿ ದಾಟಿ ಇಳಿಯಿತು. ಅದೇ ನುಡಿಯನ್ನು ಮತ್ತೆ ಹಾಡಿಸಿ ಹಿಡಿದೆವು. ಆಮೇಲೆ ಎರಡನ್ನೂ ಕೇಳಿದೆವು.

ಹೆಚ್ಚು ಬಲದ್ದು ಮುಗಿದ ಕೂಡಲೇ ಅವಳು ಹೇಳಿದಳು: "ತಾಳದ ದನಿ ಹರದಂಗ ಐತ್ರಿ. ಬಡದ ಮ್ಯಾಲೆ ಗುಂಯ್ ಅನ್ನೋದು ನುಣ್ಣಗ ಹೋಗವಲ್ದು. ಉಸುಕು ಬಿದ್ದಂಗಾಗತೈತಿ."

ನನಗೆ ಹಾಗೇನೂ ಕೇಳಲಿಲ್ಲ. ತಾಳ ಬಡಿದದ್ದು ಕೇಳಿತ್ತು, ಅಚ್ಚುಕಟ್ಟಾಗಿತ್ತು. "ಮೈಕಿನ ದೋಷ," ಎಂದೆ. ಮೈಕು ಬದಲಿಸಿ ತಾಳವನ್ನಷ್ಟೇ ಮೊದಲು ಸಾಧಾರಣದ್ದರಲ್ಲಿ, ಆಮೇಲೆ ಹದ ಬದಲಿಸಿ ಹೆಚ್ಚು ಬಲದ್ದರಲ್ಲಿ ಮತ್ತೆ ಹಿಡಿದೆವು. ಅವಳು ಮತ್ತೆ ಅದನ್ನೇ ಹೇಳಿದಳು. ಆಗ ನಾನು ಹೇಳಬಾರದ್ದನ್ನು ಹೇಳಿದೆ.

"ಹಂಗಾದ್ರ ಹೆಡ್ ಸವದೈತಿ. ನಾಲ್ಕು ವರ್ಷ ನೀ ಹೆಂಗ ನೋಡ್ಕೊಂಡಿ ಅನ್ನೋದು ಈಗ ಗೊತ್ತಾಗಾಕತ್ತೈತಿ."

ಅವಳ ಮುಖ ಸಣ್ಣದಾಯಿತು. ಹೆಂಗಸರನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟುಬರಲು ಹೋದಳು.

ಕೋಣೆಯಲ್ಲಿ ನಾನೊಬ್ಬನೇ. ಮಷೀನು ಹೆಚ್ಚು ಬಲದ ಟೇಪಿನ ಹದದಲ್ಲೇ ಇತ್ತು; ಅದರಲ್ಲಿ ಮೊದಲು ಹಿಡಿದಿದ್ದ ನುಡಿಯನ್ನು ಅಳಿಸಿದೆ. ಅಳಿಸಿದ ಜಾಗ ಖಾಲಿ ಇದೆಯೇ ಎಂದು ಸ್ಪೀಕರಿನ ದನಿಯನ್ನು ಪೂರ್ತಿ ಏರಿಸಿ ಕೇಳಿದೆ. ಖಾಲಿ ಇರಲಿಲ್ಲ. ಆಳದಲ್ಲಿ, ನಾಲ್ಕು ಮನೆ ಆಚೆ ಯಾರೋ ಬಾರಿಸುತ್ತಿದ್ದಾರೇನೋ ಎಂಬಂತೆ, ಅಳಿಸಿದ ಡೊಳ್ಳು ಬಡಿಯುತ್ತಲೇ ಇತ್ತು. ಮಷೀನಿಗೆ ಆ ಟೇಪನ್ನು ಅಳಿಸುವ ಶಕ್ತಿಯೂ ಇಲ್ಲ. ಒಂದು ಸಲ ತಪ್ಪಿ ಮತ್ತೆ ಹಿಡಿದರೆ ಹಳೆಯದರ ನೆರಳು ಹೊಸದರ ಕೆಳಗೆ ಉಳಿದೇ ಉಳಿಯುತ್ತದೆ.

ಹೆಡ್ಡಿನ ದೋಷವಲ್ಲ, ಅವಳ ದೋಷವಲ್ಲ, ಟೇಪು ಆರಿಸಿದ ನನ್ನ ದೋಷ. ಅದು ಆ ಕ್ಷಣವೇ ಗೊತ್ತಾಯಿತು. ಮೆಟ್ಟಿಲ ಮೇಲೆ ಅವಳ ಹೆಜ್ಜೆ ಕೇಳಿದಾಗ ಸ್ಪೀಕರ್ ಮುಚ್ಚಿದೆ. ರೀಲನ್ನು ಮುಂದಕ್ಕೆ ಓಡಿಸಿ ಆ ಜಾಗ ದಾಟಿಸಿದೆ. "ನಾಳೆ ನೋಡೋಣ," ಎಂದು ಚೀಲ ಹೆಗಲಿಗೇರಿಸಿ ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ನಾಚಿಕೆ ಆಗಬೇಕಿತ್ತು. ಆಗಲಿಲ್ಲ. ಅವಳ ಕಿವಿ ಸುಳ್ಳು ಎಂದು ಸಾಬೀತು ಮಾಡುವುದು ಹೇಗೆ ಎಂದೇ ಯೋಚಿಸುತ್ತಿದ್ದೆ. ಡೊಳ್ಳಿನ ನೆರಳು ನಿಜ ಇರಬಹುದು. ಆದರೆ ತಾಳದಲ್ಲಿ ಉಸುಕು ಅನ್ನುವುದು ಅವಳ ಕಟ್ಟುಕಥೆ, ಮಾಸ್ತರರ ಮೆಚ್ಚಿನ ಶಿಷ್ಯೆಯ ಠೀವಿ. ಸೂಜಿ ಅಳೆಯುತ್ತದೆ, ನಾನು ಸೂಜಿ ಓದಬಲ್ಲೆ, ಇವಳೇನು ಹೆಚ್ಚು?

ಬುಧವಾರ ಬೆಳಿಗ್ಗೆ ಒಂದು ಪರೀಕ್ಷೆ ಹೂಡಿದೆ. ಹಿಂದಿನ ದಿನ ಮೈಕು ಬದಲಿಸಿ ಹಿಡಿದಿದ್ದ ಬರೀ ತಾಳವನ್ನು ಎರಡೂ ಟೇಪಿನಿಂದ ಬ್ಲೇಡಿನಲ್ಲಿ ಕತ್ತರಿಸಿದೆ. ಮಾರುದ್ದಕ್ಕಿಂತ ಸ್ವಲ್ಪ ಹೆಚ್ಚಿನ ತುಂಡುಗಳು, ಒಂದೊಂದರಲ್ಲಿ ಕೆಲವು ಸೆಕೆಂಡಿನ ತಾಳ. ಹೆಚ್ಚು ಬಲದ್ದು ಮೂರು, ಸಾಧಾರಣದ್ದು ಮೂರು. ಅವನ್ನು ಮನಸ್ಸಿಗೆ ಬಂದ ಕ್ರಮದಲ್ಲಿ ಬಿಳಿ ಪಟ್ಟಿಯಿಂದ ಅಂಟಿಸಿ ಒಂದೇ ರೀಲು ಮಾಡಿದೆ. ಕ್ರಮವನ್ನು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿದೆ.

"ಗ್ವಾಡಿ ಕಡೆ ಮುಖ ಮಾಡಿ ಕುಂದ್ರು. ಯಾವುದು ಯಾವ ಟೇಪು ಅಂತ ಹೇಳು," ಎಂದೆ.

ಅವಳಿಗೆ ನನ್ನ ಉದ್ದೇಶ ಅರ್ಥವಾಗಿರಬೇಕು. ಆದರೂ ಕುರ್ಚಿ ತಿರುಗಿಸಿ ಕೂತಳು. ನಾನು ಒಂದೊಂದೇ ತುಂಡು ಓಡಿಸಿದೆ; ಎರಡು ಟೇಪಿನ ಜೋರು ಒಂದೇ ಸಮ ಇರಲೆಂದು ದನಿಯ ಗುಂಡಿಯನ್ನೂ ಹೊಂದಿಸುತ್ತಿದ್ದೆ.

"ಜೋರಿಂದು. ಸಾಧಾರಣ. ಸಾಧಾರಣ. ಜೋರಿಂದು. ಸಾಧಾರಣ. ಜೋರಿಂದು."

ಆರಕ್ಕೆ ಆರೂ ಸರಿ. ಚೀಟಿ ತೆಗೆದು ನೋಡುವ ಅಗತ್ಯವೇ ಇರಲಿಲ್ಲ, ಆದರೂ ಎರಡು ಸಲ ನೋಡಿದೆ.

"ಹಿಂದಿನ ಸ್ ಅನ್ನೋದನ್ನ ಕೇಳಿ ಹೇಳ್ತಿ ನೀ. ಸಾಧಾರಣದಾಗ ಅದು ಹೆಚ್ಚಿರತೈತಿ," ಎಂದೆ.

ಅವಳು ಕುರ್ಚಿ ತಿರುಗಿಸಿದಳು. "ಆತ್ರಿ. ಹಂಗಾದ್ರ ನೀವೂ ಅದನ್ನ ಕೇಳೇ ಹೇಳ್ರಿ. ಅಷ್ಟ ಸಸಾರ ಇದ್ರ ನಿಮಗೂ ಬರಬೇಕಲ್ಲ?"

ನಾನು ಗೋಡೆಗೆ ಮುಖ ಮಾಡಿದೆ. ಅವಳು ರೀಲನ್ನು ಹಿಂದೆ ಮುಂದೆ ಓಡಿಸಿ ತನಗೆ ಬೇಕಾದ ತುಂಡು ಹಾಕತೊಡಗಿದಳು. ಮೊದಲನೆಯದು ಕೇಳಿದೆ. ಎರಡನೆಯದು ಕೇಳಿದೆ. ಎರಡೂ ಒಂದೇ. ನಾನು ಕಣ್ಣು ಮುಚ್ಚಿದೆ, ಉಸಿರು ಹಿಡಿದೆ. ಗೋಣಿಚೀಲದ ವಾಸನೆ ಬರುತ್ತಿತ್ತು. ತಾಳ ಬಡಿದಾಗ ಠಣ್ ಎನ್ನುವುದು, ಆಮೇಲೆ ಏನೂ ಇಲ್ಲ. ಹಿಂದೆ ಸ್ ಅನ್ನುವುದೂ ಇಲ್ಲ. ಬಾಯಿಗೆ ಬಂದದ್ದು ಹೇಳಿದೆ. ಆರರಲ್ಲಿ ಮೂರು ಸರಿ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಆಗುತ್ತಿತ್ತು.

ಅವಳು ನಗಲಿಲ್ಲ. ನಕ್ಕಿದ್ದರೆ ಜಗಳ ಆಡಬಹುದಿತ್ತು. ಎದ್ದು ಹೋಗಿ ನನ್ನ ಅಳತೆಯ ಟೇಪನ್ನು ಮಷೀನಿಗೆ ಹಾಕಿದಳು. ಮೊದಲು ಒಂದು ಸಾವಿರ ಕಂಪನದ ಟೋನು ಬಂತು. ಊಂ ಎಂದು ಕೋಣೆ ತುಂಬಿತು. ಮುಂದೆ ಹತ್ತು ಸಾವಿರದ್ದು. ಎಂಟೂ ಸೂಜಿಗಳು ಒಟ್ಟಿಗೆ ಎದ್ದು, ಸರಿಯಾದ ಮಟ್ಟ ತೋರಿಸುವ ಸೊನ್ನೆಯ ಗೆರೆಗೆ ಬಂದು ನಿಂತವು.

"ಸ್ಪೀಕರ್ ಬಂದ್ ಮಾಡೀಯೇನು?" ಎಂದೆ.

"ಇಲ್ರಿ."

"ಮತ್ತ?"

ಆಗ ಅವಳನ್ನು ನೋಡಿದೆ. ಒಂದು ಕಿವಿಗೆ ಕೈ ಅಡ್ಡ ಇಟ್ಟುಕೊಂಡು ಮುಖ ಕಿವಿಚಿದ್ದಳು. "ಅಣ್ಣಾ, ಸಣ್ಣದು ಮಾಡ್ಲೇನು? ಕಿವಿ ಚುಚ್ಚಾಕತ್ತೈತಿ."

ಸೂಜಿಗಳು ನಿಂತೇ ಇದ್ದವು. ನನ್ನ ಪಾಲಿಗೆ ಕೋಣೆಯಲ್ಲಿ ಫ್ಯಾನಿನ ಗಾಳಿ ಬಿಟ್ಟರೆ ಬೇರೇನೂ ಇರಲಿಲ್ಲ. ನಾನು ಸ್ಪೀಕರಿನ ಹತ್ತಿರ ಹೋಗಿ, ಜಾಳಿಗೆಗೆ ಕಿವಿ ಇಟ್ಟೆ. ಗುಬ್ಬಿ ದೂರದಲ್ಲಿ ಎಲ್ಲೋ ಚಿಲಿಪಿಲಿಗುಟ್ಟಿತೋ ಇಲ್ಲವೋ ಅನ್ನುವಷ್ಟು. ಅದೂ ನಿಜವೋ ಭ್ರಮೆಯೋ. ಮೂವತ್ತು ವರ್ಷ ಜಾತ್ರೆ, ಮದುವೆ, ಸಭೆಗಳ ಹಾರನ್ನುಗಳ ಬಾಯಿಗೆ ತಲೆಕೊಟ್ಟು ನಿಂತದ್ದು ಒಮ್ಮೆಲೇ ಲೆಕ್ಕ ಕೇಳಿತು. ಎಷ್ಟು ವರ್ಷದಿಂದ ಹೀಗಿದ್ದೆನೋ. ಟೋನು ಹಾಕುವಾಗ ಸ್ಪೀಕರ್ ಮುಚ್ಚುವವನಿಗೆ ಗೊತ್ತಾಗುವುದಾದರೂ ಹೇಗೆ?

ಅವಳು ಟೇಪು ನಿಲ್ಲಿಸಿದಳು. ಕೆಳಗೆ ಅಂಗಡಿಯಲ್ಲಿ ಕಾಳು ಅಳೆಯುವವರ ಮಾತು ಕೇಳುತ್ತಿತ್ತು. ನಾನು ಕುರ್ಚಿಯಲ್ಲಿ ಕೂತೆ. ಈ ಕ್ಷಣದಲ್ಲಿ ದುಃಖ ಆಯಿತು ಎಂದರೆ ಅರ್ಧ ಸುಳ್ಳು. ಮೊದಲು ಆದದ್ದು ಹೊಟ್ಟೆಕಿಚ್ಚು. ಮಷೀನು ಹೋದಾಗ ಅದು ಬರೀ ಕಬ್ಬಿಣ ಎಂದು ಸಮಾಧಾನ ಮಾಡಿಕೊಂಡಿದ್ದೆ. ಈಗ ಅವಳ ತಲೆಯ ಎರಡೂ ಕಡೆ ಇದ್ದದ್ದನ್ನು ನೋಡಿ ಉರಿದುಹೋದೆ.

ಹಾಗೆ ಉರಿಯುತ್ತಿದ್ದರೂ ಒಂದು ವಿಷಯ ಸ್ಪಷ್ಟವಾಗಿತ್ತು. ಎದ್ದು ಹೋಗಬಹುದು. ಅಳತೆಯ ಟೇಪು ಚೀಲಕ್ಕೆ ಹಾಕಿಕೊಂಡು, ನಿನ್ನ ಕಿವಿ ನಿನಗೆ, ನೀನೇ ಮಾಡಿಕೋ ಎಂದು ಬಸ್ಸು ಹತ್ತಬಹುದು. ಹತ್ತಿದರೆ ಹಾಡು ಹಾಳು. ಮುಂದಿನ ವರ್ಷ ಆ ಅಮ್ಮ ತಿರುಗಿ ಬರುತ್ತಾರೋ ಇಲ್ಲವೋ. ನಾನು ಹಾಡಿಗಾಗಿ ಉಳಿದೆ ಎಂದು ಹೇಳಿಕೊಳ್ಳಲೂ ಸಂಕೋಚ. ಸಿಕ್ಕಿಬಿದ್ದವನಿಗೆ ಇನ್ನು ಬಚ್ಚಿಡುವುದು ಏನಿದೆ ಎಂಬ ಆಯಾಸವೂ ಸೇರಿತ್ತು.

"ಹೆಡ್ ಸವದಿಲ್ಲ," ಎಂದೆ. "ಟೇಪು ಈ ಮಷೀನಿಗೆ ಭಾರ ಆಗೈತಿ. ಬಯಾಸ್ ಸಾಲಂಗಿಲ್ಲ. ಅಳಿಸಾಕೂ ಆಗಂಗಿಲ್ಲ. ನಿನ್ನೆ ನೀ ಬಸ್ ಸ್ಟ್ಯಾಂಡಿಗೆ ಹೋದಾಗ ಅಳಿಸಿ ನೋಡಿದೆ. ಡೊಳ್ಳು ಹಂಗ ಉಳದಿತ್ತು."

"ನಿನ್ನೇನ ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ಆಮೇಲೆ ಹೇಳಿದ್ದು ನಾನು ಎಣಿಸಿದ ಮಾತಲ್ಲ.

"ಮಾಸ್ತರು ಮಷೀನ್ ನನಗ ಕೊಟ್ಟು ಅಳತಿ ನಿಮಗ ಕೊಟ್ಟಾಗ ನನ್ನ ಹೊಟ್ಟಿ ಎಷ್ಟು ಉರೀತು ಗೊತ್ತೇನ್ರಿ? ಇಕಿ ಕೈಯಾಗ ಅಳತಿ ಕೊಟ್ರ ಕೆಡಿಸ್ತಾಳ ಅಂತ ತಿಳಕೊಂಡ್ರು, ನನ್ನ ನಂಬಲಿಲ್ಲ ಅಂತ. ಎರಡು ವರ್ಷ ಈ ಮಷೀನಿನ ಮ್ಯಾಲಿನ ಪಂಚಿ ತೆಗದಿದ್ದಿಲ್ಲ ನಾನು."

ನನಗೆ ಒಳಗೊಳಗೇ ಸಣ್ಣ ಸಂತೋಷವಾಯಿತು. ನನ್ನನ್ನು ನೋಡಿಯೂ ಒಬ್ಬರು ಕರುಬಿದ್ದರು. ಅದನ್ನು ಮುಖದ ಮೇಲೆ ಬರಗೊಡಲಿಲ್ಲ.

"ಮುಂದಿಂದು ಹೇಳ್ರಿ," ಎಂದಳು. ದನಿಯಲ್ಲಿ ಸಿಟ್ಟು ಇನ್ನೂ ಇತ್ತು. "ನಾಳೆ ಒಂದ ದಿನ ಉಳದೈತಿ."

ಅವತ್ತು ಮಧ್ಯಾಹ್ನವೆಲ್ಲ ಮಷೀನನ್ನು ಸಾಧಾರಣ ಟೇಪಿಗೆ ಮತ್ತೆ ಹೊಂದಿಸಿದೆವು. ತಿರುಪು ನನ್ನ ಕೈಯಲ್ಲಿ. ಸ್ಪೀಕರ್ ತೆರೆದಿತ್ತು. ಸೂಜಿ ಸರಿ ಅನ್ನಿಸಿದ ಮೇಲೂ ಅವಳು "ಇನ್ನೊಂಚೂರು" ಅನ್ನುತ್ತಿದ್ದಳು, "ಹಾಂ, ಈಗ ನುಣ್ಣಗಾತು" ಅನ್ನುತ್ತಿದ್ದಳು. ನಾನು ನಂಬಿ ಕೈ ನಿಲ್ಲಿಸುತ್ತಿದ್ದೆ. ಡೊಳ್ಳಿನ ವಿಷಯದಲ್ಲಿ ಮಾತ್ರ ನಾನು ಬಿಡಲಿಲ್ಲ. ಅದರ ಎರಡು ಮೈಕುಗಳ ದನಿಯ ಮಟ್ಟವನ್ನು ಅವಳು ಇಟ್ಟದ್ದಕ್ಕಿಂತ ಕಡಿಮೆ ಮಾಡಿದೆ. ಪೂರ್ತಿ ಹುರುಪು ಬಂದಾಗ ಆ ಮೈದುನನ ಕೈ ಮಂಗಳವಾರದ ಹಾಗಿರುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವಳು ಒಪ್ಪಿದಳು.

ಅಷ್ಟರಲ್ಲಿ ಹೊಸ ತೊಡಕು ಎದ್ದಿತು. ಸೆಕೆಂಡಿಗೆ ಹದಿನೈದು ಇಂಚಿನ ಓಟದಲ್ಲಿ ಒಂದು ರೀಲು ಅರ್ಧ ಗಂಟೆಯ ಮೇಲೆ ಎರಡು ಮೂರು ನಿಮಿಷ ಬರುತ್ತದೆ. ಹಾಡು ಐವತ್ತು ನಿಮಿಷದ್ದು. ಅವಳು ಹಟ್ಟಿಗೆ ಫೋನು ಮಾಡಿ ಅಮ್ಮನಿಗೇ ಕೇಳಿದಳು. ಫೋನಿನ ಸ್ಪೀಕರಿನಲ್ಲಿ ಅವರ ದನಿ ನನಗೂ ಕೇಳಿತು.

"ದೇವರ ಹಾಡು ನಡುವ ನಿಲ್ಲಿಸಬಾರದವ್ವಾ. ನಿಲ್ಲಿಸಿದ್ರ ಮತ್ತ ಮೊದಲಿಂದ ಹಿಡೀಬೇಕು."

"ಎಲ್ಲೂ ಉಸುರು ತಗೊಳ್ಳಂಗಿಲ್ಲೇನಮ್ಮಾ?"

"ದೇವರು ಹಳ್ಳ ದಾಟೋ ಜಾಗದಾಗ ಡೊಳ್ಳೊಂದ ನಡೀತೈತಿ. ನಾವು ನೀರು ಕುಡೀತೀವಿ, ಭಂಡಾರ ಹಚ್ಕೋತೀವಿ."

"ಆ ಡೊಳ್ಳು ಎಷ್ಟೊತ್ತು ಇರತೈತಿ ಕೇಳು," ಎಂದೆ.

"ನೀರು ಕುಡಿಯಾಕ ಎಷ್ಟೊತ್ತು ಬೇಕೋ ಅಷ್ಟೊತ್ತು," ಎಂದರು ಅಮ್ಮ.

ರೀಲು ಬದಲಿಸುವುದನ್ನು ಅಭ್ಯಾಸ ಮಾಡಿದೆವು. ಮುಗಿದ ರೀಲು ಇಳಿಸಬೇಕು, ಹೊಸದನ್ನು ಕೂರಿಸಬೇಕು, ಟೇಪನ್ನು ಉರುಳೆಗಳ ನಡುವೆ ಹಾಯಿಸಿ ಖಾಲಿ ರೀಲಿಗೆ ಸುತ್ತಬೇಕು, ಎಂಟೂ ಟ್ರ್ಯಾಕನ್ನು ರೆಕಾರ್ಡಿಗೆ ಒತ್ತಬೇಕು. ಅವಳಿಗೆ ಎರಡು ನಿಮಿಷದ ಹತ್ತಿರ ಹಿಡಿಯಿತು. ನನಗೆ ಮೊದಲ ಸಲವೇ ಒಂದು ನಿಮಿಷದೊಳಗೆ ಆಯಿತು. ಹನ್ನೊಂದು ವರ್ಷದ ಕೈ ಅದು. ಕಿವಿ ಹೋದರೂ ಕೈ ಹೋಗಿರಲಿಲ್ಲ. "ನೀವ ಮಾಡ್ರಿ," ಎಂದು ಅವಳು ಸರಿದು ನಿಂತಳು.

ಗುರುವಾರ ಹತ್ತು ಗಂಟೆಗೆ ಹಾಡು ಹಿಡಿದರು. ಅಮ್ಮನ ದನಿ ದೊಡ್ಡದಲ್ಲ. ಒಣ ಹುಲ್ಲಿನ ಮೇಲೆ ನಡೆದಂತೆ ಇರುವ ದನಿ. ಆದರೆ ಹಿಂದಿನ ಇಬ್ಬರು ಅದನ್ನು ಎತ್ತಿಕೊಂಡಾಗ ಹಾಡು ಅಗಲವಾಗುತ್ತಿತ್ತು. ಕಾಲು ಗಂಟೆ ಕಳೆಯುವಷ್ಟರಲ್ಲಿ ಡೊಳ್ಳಿನವನಿಗೆ ಹುರುಪು ಬಂತು. ಸೂಜಿ ಕೆಂಪು ಗೆರೆಯವರೆಗೆ ಹೋಗಿ, ಅಲ್ಲಿ ಮುಟ್ಟಿ, ಹಿಂದೆ ಬಂತು. ದಾಟಲಿಲ್ಲ. ಅವಳು ನನ್ನ ಕಡೆ ನೋಡಿ ತಲೆಯಾಡಿಸಿದಳು.

ಇಪ್ಪತ್ತೆಂಟು ನಿಮಿಷವಾಯಿತು. ಎಡಗಡೆಯ ರೀಲು ತೆಳ್ಳಗಾಗುತ್ತಿತ್ತು. ಮೂವತ್ತು ನಿಮಿಷ. ದೇವರು ಇನ್ನೂ ಹಳ್ಳದ ದಂಡೆಗೇ ಬಂದಿರಲಿಲ್ಲ. ಕುರಿಗಳನ್ನು ಎಣಿಸುತ್ತಿದ್ದ. ಒಂದೊಂದರ ಬಣ್ಣ, ಕೊಂಬು, ಹೆಸರು. ರೀಲಿನ ಒಳಗಿನ ಬಿಳಿ ಲೋಹ ಕಾಣತೊಡಗಿತು. ನನ್ನ ಪಕ್ಕದಲ್ಲಿ ನಿಂತಿದ್ದ ಅವಳು ಗಾಜಿನಾಚೆಯವರಿಗೆ ಏನೂ ಸನ್ನೆ ಮಾಡಲಿಲ್ಲ. ಅವಸರ ಮಾಡಿ ಎಂದು ನಾನು ಬೆರಳು ತಿರುಗಿಸಿ ತೋರಿಸಿದರೆ, ತಲೆ ಅಡ್ಡಡ್ಡ ಆಡಿಸಿದಳು. ಕೊನೆಯ ಕುರಿಯ ಹೆಸರು ಬಂತು. ದೇವರು ಹಳ್ಳಕ್ಕೆ ಇಳಿದ, ಡೊಳ್ಳೊಂದೇ ಉಳಿಯಿತು.

ನಿಲ್ಲಿಸಿದೆ. ರೀಲು ಇಳಿಸಿದೆ, ಕೂರಿಸಿದೆ, ಹಾಯಿಸಿದೆ. ಒಂದು ಸಲ ಟೇಪು ಉರುಳೆಯಿಂದ ಜಾರಿತು, ಮತ್ತೆ ಹಾಯಿಸಿದೆ. ಗಾಜಿನಾಚೆ ಹೆಂಗಸರು ನೀರು ಕುಡಿದು ಲೋಟ ಕೆಳಗಿಟ್ಟಿದ್ದರು. ಅಮ್ಮ ಭಂಡಾರ ಹಚ್ಚಿಕೊಂಡು ಬಾಯಿ ತೆರೆಯುವುದಕ್ಕೂ ಎಂಟು ಕೆಂಪು ದೀಪ ಹತ್ತುವುದಕ್ಕೂ ಸರಿಹೋಯಿತು.

ಹಾಡು ಮುಗಿದ ಮೇಲೆ ಅವರೆಲ್ಲ ಒಳಗೆ ಬಂದು ಕೇಳಿದರು. ಅಮ್ಮ ತಮ್ಮ ದನಿಯನ್ನು ಕಣ್ಣು ಮುಚ್ಚಿ ಕೇಳಿದರು. ಮುಗಿದ ಕೂಡಲೇ ಎದ್ದು ಅವಳ ಕೆನ್ನೆ ಸವರಿ, ಕೈಗಳನ್ನು ತಮ್ಮ ಕಪಾಳಕ್ಕೆ ಒತ್ತಿ ನೆಟಿಕೆ ಮುರಿದರು.

"ಹಾಡು ಹಾಡಿನಂಗ ಐತವ್ವಾ. ನಿನ್ನ ಕಿವಿಗೆ ದೃಷ್ಟಿ ತಾಗದಿರಲಿ."

ಆಮೇಲೆ ನನ್ನ ಕಡೆ ತಿರುಗಿ, "ತಮ್ಮಾ, ಒಂದೀಟು ಚಾ ಸಿಗ್ತೈತೇನು?" ಎಂದರು. ಅವಳು ನಗು ತಡೆಯಲಾರದೆ ಮುಖ ತಿರುಗಿಸಿದಳು. ನಾನು ಕೆಳಗೆ ಹೋಗಿ ಚಹಾ ತಂದೆ. ಆ ಡಬ್ಬಿಯನ್ನು ಅವತ್ತು ಅವಳ ಮೇಜಿನ ಮೇಲೆಯೇ ಬಿಟ್ಟುಬಂದೆ. ದೊಡ್ಡ ಮನಸ್ಸಿನಿಂದ ಎಂದಲ್ಲ. ನನ್ನ ಹತ್ತಿರ ಅದಕ್ಕೆ ಇನ್ನು ಕೆಲಸ ಇರಲಿಲ್ಲ.

ಆಮೇಲೆ ನಾನು ಹೋಗಿ ತೋರಿಸಿದಾಗ ಕಿವಿ ಡಾಕ್ಟರು ತಪಾಸಣೆ ಮಾಡಿ, ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಿ ಎಂದರು. ಕೆಲವು ತಿಂಗಳ ಮೇಲೆ ಅವಳು ಒಂದು ತಟ್ಟೆ ಕಳಿಸಿದಳು. ರಿಪೇರಿಗೆ ಬಂದು ಉಳಿದುಕೊಂಡ ಒಂದು ಹಳೆಯ ರೆಕಾರ್ಡ್ ಪ್ಲೇಯರ್ ನನ್ನಲ್ಲಿತ್ತು. ಮನೆಯಲ್ಲಿ ಪಡಸಾಲೆಯಲ್ಲಿ ಹಾಕಿದೆ. ಹೆಂಡತಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಡೊಳ್ಳು ಬಂತು, ಅಮ್ಮನ ಒಣ ದನಿ ಬಂತು. ಅವೆಲ್ಲ ನನಗೆ ಚೆನ್ನಾಗಿಯೇ ಕೇಳಿದವು. ನುಡಿ ಮುಗಿದು ತಾಳವೊಂದೇ ಬಡಿಯಿತು. ನನ್ನ ಪಾಲಿಗೆ ಅದು ಅಲ್ಲೇ ಮುಗಿಯಿತು.

ಹೆಂಡತಿಯ ಕೈ ಅವರೆಕಾಯಿಯ ಮೇಲೆ ನಿಂತಿತ್ತು.

"ಇನ್ನೂ ಕೇಳ್ತೈತೇನು?" ಎಂದೆ.

ಅವಳು ಬೆರಳೆತ್ತಿ ನನ್ನನ್ನು ಸುಮ್ಮನಿರಿಸಿದಳು. "ಐತಿ... ಸಣ್ಣದಾತು... ಇನ್ನೂ ಐತಿ ನೋಡ್ರಿ... ಹಾಂ, ಈಗ ಹೋತು."

ಸುಲಿಯುವುದನ್ನು ಮತ್ತೆ ಶುರುಮಾಡಿದಳು. ನಾನು ಅವಳ ಮುಖವನ್ನೇ ನೋಡುತ್ತ ಕೂತಿದ್ದೆ. ಅವಳ ಮೇಲೂ ನನಗೆ ಹೊಟ್ಟೆಕಿಚ್ಚಾಗಿತ್ತು.